ಬಲಕ್ಕೆ ತಿರುಗದ ಕಾರು

ಗಂಡಸಿಗೆ ಕೈಕಾಲು ಸೋತರೂ ಬಾಯಿ ಸೋಲುವುದಿಲ್ಲ ಎನ್ನುವುದಕ್ಕೆ ಸಾಕ್ಷಿ ಬೇಕಿದ್ದರೆ ಟೈಲರಮ್ಮನ ಯಜಮಾನರನ್ನು ನೋಡಬೇಕಿತ್ತು. ಹೋದ ವರ್ಷ ಪಾರ್ಶ್ವವಾಯು ಬಡಿದು ಅವರ ಬಲಗೈ, ಬಲಗಾಲು ಎರಡೂ ಮುಷ್ಕರ ಹೂಡಿದ್ದವು. ಕೈ ನಿಧಾನಕ್ಕೆ ರಾಜಿಗೆ ಬಂತು. ಕಾಲು ಮಾತ್ರ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಕೋಲೂರಿ, ಪಾದ ಎಳೆದುಕೊಂಡು ಮಂಚದಿಂದ ಬಾಗಿಲಿನವರೆಗೆ ಬರುತ್ತಿದ್ದರು. ಅಲ್ಲಿ ಹಾಕಿದ್ದ ಕುರ್ಚಿಯಲ್ಲಿ ಕೂತು ಬೀದಿಯಲ್ಲಿ ಹಾದುಹೋಗುವ ಡ್ರೈವರುಗಳಿಗೆಲ್ಲ ಮಾರ್ಕು ಹಾಕುತ್ತಿದ್ದರು. ಯಾರೂ ಪಾಸಾಗುತ್ತಿರಲಿಲ್ಲ.

ಮಾರ್ಕು ಹಾಕುವ ಹಕ್ಕು ಅವರಿಗಿತ್ತೆನ್ನಿ. ಕೆಲಸವಿದ್ದಷ್ಟು ಕಾಲವೂ ಊರಿನ ಬಸ್ಸು ಓಡಿಸಿದವರು. ಅದರಲ್ಲೂ ಹೆಚ್ಚು ವರ್ಷ ಸುತ್ತುಬಸ್ಸು. ಅಂದರೆ ಒಂದು ನಿಲ್ದಾಣದಿಂದ ಹೊರಟು, ಊರಿನ ಅಂಚನ್ನೆಲ್ಲ ಒಂದೇ ದಿಕ್ಕಿಗೆ ಸುತ್ತಿ, ಮತ್ತೆ ಅದೇ ನಿಲ್ದಾಣಕ್ಕೆ ಬಂದು ನಿಲ್ಲುವ ಬಸ್ಸು. ನಿವೃತ್ತಿಯಾದ ಮೇಲೆ ಒಂದು ಸೆಡಾನ್ ಕಾರು ಕೊಂಡರು, ಉದ್ದನೆಯ ಡಿಕ್ಕಿಯದು. ಅದನ್ನು ತೊಳೆಯುವಾಗ ತೋರಿಸುತ್ತಿದ್ದ ಶ್ರದ್ಧೆಯಲ್ಲಿ ಅರ್ಧದಷ್ಟನ್ನು ಮಕ್ಕಳಿಗೆ ಸ್ನಾನ ಮಾಡಿಸುವಾಗ ತೋರಿಸಿದ್ದರೆ ಸಾಕಿತ್ತು ಎಂದು ಟೈಲರಮ್ಮ ಗೊಣಗುತ್ತಿದ್ದಳು.

ಅವರು ಹಾಸಿಗೆ ಹಿಡಿದ ಮೇಲೆ ಕಾರು ಶೆಡ್ಡಿನಲ್ಲಿ ಧೂಳು ತಿನ್ನುತ್ತಾ ನಿಂತಿತು. ಟೈಲರಮ್ಮ ನರ್ಸುಗಳ ಕೋಟು, ಹೋಟೆಲ್ಲಿನ ಪರದೆ, ಶಾಲೆಯ ಸಮವಸ್ತ್ರ ಹೊಲಿಯುವವಳು. ಹೊಲಿದ ಗಂಟುಗಳನ್ನು ಕೊಟ್ಟುಬರುವುದು ಗಂಡನ ಕೆಲಸವಾಗಿತ್ತು. ಈಗ ಗಂಟುಗಳು ಹಜಾರದಲ್ಲೇ ಬೆಟ್ಟವಾಗತೊಡಗಿದವು. ಅವಳು ಯಾರಿಗೂ ಹೇಳದೆ ಡ್ರೈವಿಂಗ್ ಶಾಲೆಗೆ ಸೇರಿದಳು, ಪರೀಕ್ಷೆ ಕೊಟ್ಟಳು, ಲೈಸೆನ್ಸನ್ನು ತಂದು ಗಂಡನ ತೊಡೆಯ ಮೇಲಿಟ್ಟಳು. ಯಜಮಾನರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಫೋಟೋ ಚೆನ್ನಾಗಿ ಬಂದಿದೆ" ಎಂದರು. ಅಷ್ಟೇ. ಅಂದಿನಿಂದ ಆ ಕಾರಿನಲ್ಲಿ ಅವರು ಒಂದು ಸಲವೂ ಕೂತಿರಲಿಲ್ಲ.

ಕೂರದಿದ್ದರೆ ಹೋಗಲಿ ಬಿಡು ಎನ್ನಬಹುದಿತ್ತು. ಆದರೆ ಡಾಕ್ಟರಮ್ಮ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದರು: "ಇವರು ನೀರಲ್ಲಿ ನಡೀಬೇಕು. ನೀರು ಮೈಭಾರ ಹೊತ್ಕೊಳ್ಳುತ್ತೆ, ಆಗ ಕಾಲಿಗೆ ಧೈರ್ಯ ಬರುತ್ತೆ. ತಡ ಮಾಡಿದ್ರೆ ಕಾಲು ಹೀಗೇ ಸೆಟೆದು ನಿಂತ್ಬಿಡುತ್ತೆ, ಆಮೇಲೆ ನನ್ನ ಕೇಳ್ಬೇಡಿ." ಅದಕ್ಕೆಂದೇ ಕಟ್ಟಿದ ಬೆಚ್ಚಗಿನ ನೀರಿನ ಕೊಳ ಊರಿನ ಆಚೆ ಬದಿಯಲ್ಲಿತ್ತು. ಬಾಡಿಗೆ ಕಾರಿನಲ್ಲಿ ಒಮ್ಮೆ ಹೊರಟಿದ್ದೂ ಆಯಿತು. ಅರ್ಧ ದಾರಿಯಲ್ಲಿ ಯಜಮಾನರು ಆ ಡ್ರೈವರನಿಗೆ ಗೇರು ಹಾಕುವುದು ಹೇಗೆಂದು ಪಾಠ ಶುರುಮಾಡಿದರು, ಆತ ಕಾರು ನಿಲ್ಲಿಸಿ "ಇಳೀರಿ ಸ್ವಾಮಿ" ಎಂದ, ಗಂಡಹೆಂಡತಿ ಇಬ್ಬರೂ ಫುಟ್‌ಪಾತಿನಲ್ಲಿ ನಿಂತರು. ಆಮೇಲೆ ಬಾಡಿಗೆ ಕಾರಿನ ಹೆಸರೆತ್ತಿದರೆ ಸಾಕು, ಯಜಮಾನರಿಗೆ ಮೂಗಿನ ತುದಿಯಲ್ಲೇ ಸಿಟ್ಟು.

"ನಾನು ಕರ್ಕೊಂಡು ಹೋಗ್ತೀನಿ ಬನ್ನಿ ಅಂದ್ರೆ?" ಎಂದು ಟೈಲರಮ್ಮ ಕೇಳಿದರೆ ಅದಕ್ಕೂ ಉತ್ತರ ಸಿದ್ಧವಿತ್ತು.

"ಜೀವಮಾನವೆಲ್ಲ ಸ್ಟಿಯರಿಂಗ್ ಹಿಂದೆ ಕೂತವನು ಕಣೇ ನಾನು. ಈಗ ಲಗೇಜಿನ ಹಾಗೆ ಪಕ್ಕದಲ್ಲಿ ಕೂತ್ಕೊಳ್ಳಲಾ?"

ಈ ಮಾತಿಗೆ ಟೈಲರಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ನಿಜ ಹೇಳಬೇಕೆಂದರೆ ಆ ಉರಿಯ ಕೆಳಗೆ ಒಂದು ಚೂರು ತಂಪೂ ಇತ್ತು. ಯಾಕೆಂದರೆ ಅವಳದೂ ಒಂದು ಗುಟ್ಟಿತ್ತು. ಅವಳು ಕಾರನ್ನು ಬಲಕ್ಕೆ ತಿರುಗಿಸುತ್ತಿರಲಿಲ್ಲ!

ಎಡಕ್ಕೆ ತಿರುಗುವುದು ಅವಳಿಗೆ ಸೂಜಿಗೆ ದಾರ ಪೋಣಿಸಿದಷ್ಟು ಸಲೀಸು. ಬಲಕ್ಕೆಂದರೆ ಹಾಗಲ್ಲ. ರಸ್ತೆಯ ನಟ್ಟನಡುವೆ ಒಬ್ಬಳೇ ನಿಲ್ಲಬೇಕು, ಎದುರಿನಿಂದ ನುಗ್ಗುವವರನ್ನು ನೋಡಬೇಕು, ಹಿಂದಿನವರ ಹಾರ್ನಿನಿಂದ ಬೈಸಿಕೊಳ್ಳಬೇಕು, ಸಂದು ಸಿಕ್ಕಿದಾಗ ದಾಟಬೇಕು. ಆ ಸಂದು ಸಿಗುವಷ್ಟರಲ್ಲಿ ಅವಳ ಕೈಕಾಲು ತಣ್ಣಗಾಗುತ್ತಿತ್ತು. ಹಾಗಾಗಿ ಬಲಕ್ಕೆ ಹೋಗಬೇಕಾದಲ್ಲೆಲ್ಲ ನೆಟ್ಟಗೆ ಮುಂದೆ ಹೋಗಿ ಎಡ, ಮತ್ತೆ ಎಡ, ಇನ್ನೊಂದು ಎಡ ಹಾಕಿ ಮೈಯೆಲ್ಲ ಸುತ್ತಿ ಮೂಗು ಹಿಡಿಯುತ್ತಿದ್ದಳು. ಅಂಗಿಗುಂಡಿ ಮಾರುವ ಗುಂಡಿ ಅಂಗಡಿ ಅವಳು ಕೋಟು ಕೊಡುವ ಆಸ್ಪತ್ರೆಯ ಎದುರಿಗೇ ಇದೆ. ಆಸ್ಪತ್ರೆಯಿಂದ ಅಲ್ಲಿಗೆ ಹೋಗಲು ಅವಳು ಉಗ್ರಾಣದ ಬೀದಿ, ಶಾಲೆಯ ಹಿಂಗೋಡೆ, ಅಗ್ನಿಶಾಮಕದವರ ಗೇಟು ಎಲ್ಲವನ್ನೂ ದರ್ಶನ ಮಾಡಿಕೊಂಡು ಬರುತ್ತಿದ್ದಳು. ಎಲ್ಲಿಗೂ ಹೀಗೆ ತಲುಪಬಹುದಿತ್ತು, ಕೊಳವೊಂದನ್ನು ಬಿಟ್ಟು. ಕೊಳಕ್ಕೆ ಗಡಿಯಾರದ ಚೌಕದಲ್ಲಿ ಬಲಕ್ಕೆ ತಿರುಗಲೇಬೇಕು. ಅಲ್ಲಿಂದ ಮುಂದೆ ಒಂದು ಮಗ್ಗುಲಿಗೆ ಕಾಲುವೆ, ಮೂರು ಎಡ ಹಾಕಲು ರಸ್ತೆಯೇ ಇಲ್ಲ. ಗಂಡ ಬರುವುದಿಲ್ಲ ಎಂದಾಗಲೆಲ್ಲ ಅವಳಿಗೆ ಸದ್ಯ ಬದುಕಿದೆ ಅನ್ನಿಸುತ್ತಿತ್ತು. ಹಾಗನ್ನಿಸಿದ್ದಕ್ಕೆ ತನ್ನ ಮೇಲೇ ಅಸಹ್ಯವಾಗುತ್ತಿತ್ತು. ಗಂಡನ ಕಾಲು ಸೆಟೆದುಕೊಳ್ಳುತ್ತಾ ಬಂದಿತ್ತು, ಇವಳಿಗೆ ಚೌಕದ ಭಯ!

ಹೀಗಿರುವಾಗ ಒಂದು ಮಳೆಯ ಬೆಳಿಗ್ಗೆ, ಮನೆಯ ಮುಂದೆ ನಿಲ್ಲಿಸಲು ಬ್ರೇಕು ಹಾಕಿದರೆ ಕಾರು ನಿಲ್ಲದೆ ಸುಯ್ಯೆಂದು ಜಾರಿ, ಪಕ್ಕದ ಮನೆಯವರ ಹೂಕುಂಡಕ್ಕೆ ಮುತ್ತು ಕೊಟ್ಟಿತು. ಕುಂಡ ಎರಡು ಹೋಳಾಯಿತು. ಯಜಮಾನರು ಕುರ್ಚಿಯಲ್ಲೇ ಇದ್ದರು.

"ನೋಡಿದ್ಯಾ? ಟೈರು ಬೋಳು, ಓಡಿಸೋಳು ಹೊಸಬಳು. ಇದರಲ್ಲಿ ನನ್ನನ್ನ ಕೂರು ಅಂತಾಳೆ."

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಕೂರೋಕೆ ಮನಸ್ಸಿಲ್ಲ, ಟೈರು ಬೋಳು," ಎಂದು ಟೈಲರಮ್ಮ ಸಿಕ್ಕ ಮಾತನ್ನು ಬಿಡಲಿಲ್ಲ. "ಸರಿ. ಟೈರು ಹೊಸದು ಹಾಕಿಸಿದ್ರೆ ಕೂರ್ತೀರಾ?"

"ನೋಡೋಣ."

"ಅಡ್ಡಗೋಡೆ ಮೇಲೆ ದೀಪ ಇಡ್ಬೇಡಿ. ಹೂಂ ಅನ್ನಿ, ಇಲ್ಲ ಉಹೂಂ ಅನ್ನಿ."

ಯಜಮಾನರು ಸಿಕ್ಕಿಬಿದ್ದರು. "ನಾನು ಆರಿಸಿದ ಟೈರಾದ್ರೆ ಕೂರ್ತೀನಿ" ಎಂದುಬಿಟ್ಟರು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡದ್ದು ಅವಳಿಗೆ ಕಾಣಿಸಿತು.

ಟೈರ್ ಅಂಗಡಿ ಅದೇ ಬೀದಿಯ ಕೊನೆಯಲ್ಲಿತ್ತು. ಕಾರಿನಲ್ಲಿ ಬನ್ನಿ ಎಂದರೆ, "ಬೋಳು ಟೈರಿನ ಮೇಲೆ ಕೂರಲ್ಲ ಅಂದ್ನಲ್ಲ, ನಡ್ಕೊಂಡೇ ಬರ್ತೀನಿ" ಎಂದು ಕೋಲು ಹಿಡಿದು ಹೊರಟೇಬಿಟ್ಟರು. ಹಟ ಎನ್ನುವುದೂ ಒಂದು ಔಷಧಿಯೇ ಇರಬೇಕು. ಬಾಗಿಲು ದಾಟದ ಮನುಷ್ಯ ಬೀದಿಗಿಳಿದಿದ್ದರು. ಟೈಲರಮ್ಮ ಮೊದಲ ಗೇರಿನಲ್ಲಿ, ಅವರ ಹೆಜ್ಜೆಗೆ ಸರಿಯಾಗಿ, ಪಕ್ಕದಲ್ಲೇ ಕಾರನ್ನು ತೆವಳಿಸಿಕೊಂಡು ಬಂದಳು.

ಇಸ್ತ್ರಿ ಅಂಗಡಿಯವನು ಪೆಟ್ಟಿಗೆ ಕೆಳಗಿಟ್ಟು, "ಏನು ಟೈಲರಮ್ಮ, ಯಜಮಾನ್ರನ್ನ ಕಾರಿಗೆ ಕಟ್ಟಿ ಎಳೀತಿದ್ದೀರಾ?" ಎಂದು ಕೂಗಿದ.

"ಇಲ್ಲಪ್ಪಾ," ಎಂದರು ಯಜಮಾನರು ಏದುಸಿರಿನಲ್ಲೇ, "ಕಾರನ್ನ ಮೇಯಿಸೋಕೆ ಕರ್ಕೊಂಡು ಹೋಗ್ತಿದ್ದೀನಿ."

ಎಷ್ಟೋ ದಿನದ ಮೇಲೆ ಅವರ ಬಾಯಿಂದ ಒಂದು ತಮಾಷೆ ಬಂದಿತ್ತು. ಟೈಲರಮ್ಮನಿಗೆ ಕಣ್ಣು ತುಂಬಿ ಎದುರಿನ ರಸ್ತೆ ಕಾಣದಾಯಿತು. ಆ ವೇಗದಲ್ಲಿ ರಸ್ತೆ ಕಾಣದಿದ್ದರೂ ನಷ್ಟವೇನಿರಲಿಲ್ಲ.

ಟೈರ್ ಅಂಗಡಿಯವರನ್ನು ಊರೆಲ್ಲ ಗಾಳಿಮಾಮ ಎಂದೇ ಕರೆಯುತ್ತಿತ್ತು. ಚಿಕ್ಕಂದಿನಲ್ಲಿ ಸೈಕಲ್ಲಿಗೆ ಗಾಳಿ ಹೊಡೆದು ಶುರುಮಾಡಿದವರು, ಈಗ ದೊಡ್ಡ ಅಂಗಡಿ. ಗೋಡೆಗೆ ಆತು ನಿಂತ ಟೈರುಗಳ ಸಾಲು, ನೆಲದಲ್ಲಿ ಜಾಕಿ, ಒಂದು ಮೂಲೆಯಲ್ಲಿ ಚಕ್ರಗಳು ನೆಟ್ಟಗಿವೆಯೇ ಎಂದು ಅಲೈನ್‌ಮೆಂಟ್ ನೋಡುವ ಯಂತ್ರ, ಎಲ್ಲೆಲ್ಲೂ ಹೊಸ ರಬ್ಬರಿನ ವಾಸನೆ. ಯಜಮಾನರು ಆ ವಾಸನೆಯನ್ನು ಮೂಗು ತುಂಬ ಎಳೆದುಕೊಂಡು, ಟೈರಿನ ಅಟ್ಟಿಯೊಂದರ ಮೇಲೆ ಸಿಂಹಾಸನವೇರಿದ ಹಾಗೆ ಕೂತರು.

"ಯಾವಾಗ ತಯಾರಾಯ್ತು ಅಂತ ಟೈರಿನ ಪಕ್ಕದಲ್ಲಿ ಬರೆದಿರುತ್ತೆ, ಅದನ್ನ ಮೊದಲು ಓದು. ಹಳೇ ಸರಕು ತಲೆಗೆ ಕಟ್ಬೇಡ."

"ನಿಮ್ಮ ತಲೆಗೆ ಕಟ್ಟೋಕೆ ಆಗುತ್ತಾ ಅಣ್ಣ, ಅದು ಮೊದ್ಲೇ ತುಂಬಿದೆ" ಎಂದು ನಗುತ್ತಾ ಗಾಳಿಮಾಮ ಎರಡು ಬಗೆಯ ಟೈರು ಉರುಳಿಸಿಕೊಂಡು ಬಂದರು. "ಇದು ಗಟ್ಟಿ ರಬ್ಬರು. ಬೇಗ ಸವೆಯಲ್ಲ. ಇದು ಮೆತ್ತಗಿನದು. ಬೇಗ ಸವೆಯುತ್ತೆ, ಆದ್ರೆ ಒದ್ದೆ ರಸ್ತೇನ ಗಪ್ಪಂತ ಹಿಡ್ಕೊಳ್ಳುತ್ತೆ, ಸದ್ದೂ ಇಲ್ಲ."

"ಗಟ್ಟಿ ರಬ್ಬರೇ ಆಗಲಿ, ನಾಲ್ಕೂ" ಎಂದರು ಯಜಮಾನರು, ಯೋಚನೆಯನ್ನೂ ಮಾಡದೆ. "ಡಿಪೋದಲ್ಲಿ ನಾವು ಬೇರೆ ಏನೂ ಮುಟ್ತಿರಲಿಲ್ಲ."

ಟೈಲರಮ್ಮ ಅಷ್ಟರಲ್ಲಿ ಬಗ್ಗಿ ಎರಡೂ ಟೈರುಗಳನ್ನು ಬಟ್ಟೆ ನೋಡಿದಂತೆ ನೋಡುತ್ತಿದ್ದಳು. ಉಗುರಿನಿಂದ ಒತ್ತಿದಳು, ಗೆರೆಗಳೊಳಗೆ ಬೆರಳಾಡಿಸಿದಳು.

"ಅಮ್ಮಾ, ಅದು ಪರದೆ ಬಟ್ಟೆ ಅಲ್ಲ," ಎಂದರು ಗಾಳಿಮಾಮ.

"ಅಲ್ಲದಿದ್ರೆ ಏನಂತೆ, ಹಾಕ್ಕೊಂಡು ಓಡಾಡೋದು ತಾನೇ? ನಂಗೆ ಮೆತ್ತಗಿನದು ಬೇಕು. ಮಳೇಲಿ ಕಾರು ನಿಲ್ಬೇಕು. ಬೇಗ ಸವೆದ್ರೆ ಸವೀಲಿ."

"ನಿಂಗೇನು ಗೊತ್ತಾಗುತ್ತೆ ಟೈರು?"

"ಜಾರಿದ ಕಾರಲ್ಲಿ ಕೂತಿದ್ದೋಳು ನಾನು. ನೀವು ಕುರ್ಚೀಲಿ ಕೂತಿದ್ರಿ."

ಗಾಳಿಮಾಮ ಇಬ್ಬರ ಮುಖವನ್ನೂ ನೋಡಿದರು. ಆಮೇಲೆ, ಏನೂ ತಿಳಿಯದವರ ಹಾಗೆ ಕೇಳಿದರು: "ಈಗ ಕಾರು ಓಡಿಸೋರು ಯಾರು?"

 ಯಜಮಾನರು ಕೋಲಿನ ಹಿಡಿಯನ್ನೇ ನೋಡುತ್ತಾ ಕೂತರು. ಟೈಲರಮ್ಮನಿಗೆ ಥಟ್ಟನೆ ಹೆದರಿಕೆಯಾಯಿತು. ತನ್ನ ಟೈರೇ ಗೆದ್ದರೆ ಇವರು ಕೊಟ್ಟ ಮಾತಿನಿಂದ ತಪ್ಪಿಸಿಕೊಂಡು ಮತ್ತೆ ಕುರ್ಚಿಗೆ ಹೋಗಿ ಕೂರುತ್ತಾರೆ. ಗಟ್ಟಿ ರಬ್ಬರೋ ಕಲ್ಲೋ, ಇವರು ಕಾರಿನೊಳಗೆ ಕೂತರೆ ಸಾಕು. ನಿಧಾನಕ್ಕೆ ಓಡಿಸಿದರಾಯಿತು. "ಆಗಲಿ, ಅವರು ಹೇಳಿದ್ದನ್ನೇ..." ಎಂದು ಅವಳು ಬಾಯಿ ತೆರೆಯುವಷ್ಟರಲ್ಲಿ, ಗಾಳಿಮಾಮ ಕಾರಿನ ಮುಂದಿನ ಬಲ ಚಕ್ರವನ್ನು ಬಿಚ್ಚಿ ಹೊರಗೆಳೆದಿದ್ದರು.

"ಅರೆ, ಇದೇನಿದು? ಹೊರಗಿನ ಅಂಚು ಪೂರ್ತಿ ತಿಂದುಹೋಗಿದೆ, ಒಳಗಿನ ಅಂಚು ಅಷ್ಟು ಸವೆದಿಲ್ಲ. ಎಡಗಡೆ ಚಕ್ರಕ್ಕೆ ಹೀಗಾಗಿಲ್ಲ. ಅಲೈನ್‌ಮೆಂಟ್ ಹೋಗಿರಬೇಕು."

ಬೇರೆ ಚಕ್ರ ಸಿಕ್ಕಿಸಿ ಯಂತ್ರದಲ್ಲಿ ನೋಡಿದರೆ ಎಲ್ಲವೂ ನೆಟ್ಟಗಿತ್ತು. ಗಾಳಿಮಾಮ ತಲೆ ಕೆರೆದುಕೊಂಡರು. ಟೈಲರಮ್ಮ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವಳ ಹಾಗೆ, "ಯಂತ್ರ ಕೆಟ್ಟಿರುತ್ತೆ ಬಿಡಿ, ಹಳೇ ಟೈರಿನ ಜಾತಕ ನಮಗ್ಯಾಕೆ" ಎಂದಳು. ಅವಳ ದನಿ ಅವಳಿಗೇ ಕೀರಲಾಗಿ ಕೇಳಿಸಿತು.

"ಇಲ್ಲಿ ತಗೊಂಡು ಬಾ ಅದನ್ನ" ಎಂದರು ಯಜಮಾನರು.

ಟೈರು ಅವರ ಮೊಣಕಾಲಿಗೆ ಒರಗಿ ನಿಂತಿತು. ಮೊದಲು ಎಡಗೈಯಿಂದ ತಡವಿದರು. ಸಾಲದೆನ್ನಿಸಿತೋ ಏನೋ, ಮಡಿಲಲ್ಲಿದ್ದ ಬಲಗೈಯನ್ನೂ ಎತ್ತಿ ಅದರ ಮೇಲಿಟ್ಟರು. ಸವೆದ ಅಂಚಿನ ಗುಂಟ ಬೆರಳುಗಳನ್ನು ನಿಧಾನವಾಗಿ ಎಳೆದರು. 

"ಇದು ಸುತ್ತುಬಸ್ಸಿನ ಟೈರು ಕಣಯ್ಯ" ಎಂದರು.

"ಏನಂದ್ರಿ?"

"ನಮ್ಮ ಬಸ್ಸಿನ ಟೈರು ಹೀಗೇ ಸವೀತಿತ್ತು. ದಿನಾ ಎಡಕ್ಕೇ ತಿರುಗಿ ತಿರುಗಿ, ಭಾರವೆಲ್ಲ ಬಲಗಡೆ ಅಂಚಿನ ಮೇಲೆ. ಬೇರೆ ಯಾವ ಬಸ್ಸಿಗೂ ಹೀಗಾಗ್ತಿರಲಿಲ್ಲ." ಅವರು ನಿಧಾನವಾಗಿ ತಲೆಯೆತ್ತಿ ಹೆಂಡತಿಯನ್ನು ನೋಡಿದರು. "ಏನೇ, ನೀನು ಬಲಕ್ಕೆ ತಿರುಗೋದೇ ಇಲ್ವಾ?"

"ಯಾಕ್ರೀ, ತಿರುಗ್ತೀನಲ್ಲ."

"ಯಾವಾಗ ತಿರುಗಿದ್ದೆ, ಹೇಳು."

ಸುಳ್ಳು ಹೇಳಲು ಅವಳು ಬಾಯಿ ತೆರೆದಳು. ಬಂದದ್ದು ಸುಳ್ಳಲ್ಲ. "ಇಲ್ಲಾರೀ, ತಿರುಗಲ್ಲ. ನಂಗೆ ಭಯ! ನಡುರಸ್ತೇಲಿ ನಿಂತ್ರೆ ಪ್ರಾಣ ಬಾಯಿಗೆ ಬರುತ್ತೆ. ಗುಂಡಿ ಅಂಗಡಿಗೆ ಹೋಗೋಕೆ ಅರ್ಧ ಊರು ಸುತ್ತುತ್ತೀನಿ. ನೀವು ಕೊಳಕ್ಕೆ ಬರಲ್ಲ ಅಂದಾಗ ಒಳಗೊಳಗೇ ಸದ್ಯ ಅನ್ಕೊಂಡಿದ್ದೀನಿ, ಆ ಚೌಕ ದಾಟೋಕೆ ನನ್ನ ಕೈಲಾಗಲ್ಲ ಅಂತ. ನಿಮ್ಮ ಕಾಲು ಹೀಗೇ ಉಳಿದ್ರೆ ಅದಕ್ಕೆ ನಾನೇ ಕಾರಣ. ಈಗ ನಗಿ, ಮಾರ್ಕು ಹಾಕಿ, ಏನಾದ್ರೂ ಮಾಡ್ಕೊಳ್ಳಿ!"

ಹೇಳಿ ಮುಗಿಸಿದವಳು ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡಳು. ಇಷ್ಟು ದಿನ ಕಾಪಾಡಿಕೊಂಡಿದ್ದ ಮಾನ ಇವತ್ತು ಟೈರ್ ಅಂಗಡಿಯಲ್ಲಿ ಹರಾಜಾಯಿತು ಎಂದುಕೊಂಡಳು. ಇನ್ನು ಇವರು ಕಾರನ್ನೇ ಮಾರು ಅನ್ನುತ್ತಾರೆ.

ಯಜಮಾನರು ನಕ್ಕರು. ಮೊದಲು ಕೆಮ್ಮೇನೋ ಅನ್ನಿಸಿತು, ಆಮೇಲೆ ನೋಡಿದರೆ ನಗು. ಮುಖದ ಒಂದು ಭಾಗ ಇನ್ನೊಂದಕ್ಕಿಂತ ತಡವಾಗಿ ನಗುತ್ತಿತ್ತು, ಆದರೂ ಅದು ಅವರ ಹಳೆಯ ನಗುವೇ. ಹೊಟ್ಟೆ ಹಿಡಿದುಕೊಂಡು, ಟೈರಿನ ಅಟ್ಟಿ ಅಲ್ಲಾಡುವಂತೆ ನಕ್ಕರು. "ಇಷ್ಟು ತಿಂಗಳಿಂದ ಎಡಕ್ಕೇ ತಿರುಗಿ ಇಡೀ ಊರಿಗೆ ಬಟ್ಟೆ ಹಂಚಿದ್ದಾಳೆ ಕಣಯ್ಯ ಇವಳು! ನಂಗೆ ಸುತ್ತು ಹಾಕೋಕೆ ಸಂಬಳ ಕೊಡ್ತಿದ್ರು. ಇವಳು ಪುಕ್ಕಟೆ ಸುತ್ತಿದ್ದಾಳೆ!"

ಗಾಳಿಮಾಮನೂ ನಕ್ಕರು. ಅಳುತ್ತಿದ್ದ ಟೈಲರಮ್ಮನಿಗೂ ಎಲ್ಲಿಂದಲೋ ನಗು ನುಗ್ಗಿ ಬಂತು.

 ನಗು ಇಳಿದ ಮೇಲೆ ಯಜಮಾನರು ಸವೆದ ಟೈರನ್ನು ಅತ್ತ ತಳ್ಳಿ, "ಮೆತ್ತಗಿನದೇ ಹಾಕಯ್ಯ, ನಾಲ್ಕೂ" ಎಂದರು.

"ಗಟ್ಟಿದು ಅಂದ್ರಲ್ಲ ಅಣ್ಣ?"

"ಓಡಿಸೋಳು ಅವಳು. ಅವಳು ಕೇಳಿದ್ದು ಹಾಕು."

ಟೈಲರಮ್ಮ ಕಿವಿಗೆ ಬಿದ್ದದ್ದನ್ನು ನಂಬಲು ಒಂದು ಗಳಿಗೆ ತೆಗೆದುಕೊಂಡಳು. ಲೈಸೆನ್ಸ್ ತೊಡೆಯ ಮೇಲಿಟ್ಟ ದಿನ ಕೇಳಬೇಕೆಂದಿದ್ದ ಮಾತು ಇದು.

ಟೈರುಗಳೆಲ್ಲ ಕೂತು ಕಾರು ಜಾಕಿಯಿಂದ ಇಳಿದಾಗ ಗಾಳಿಮಾಮ, "ಹೊಸ ಟೈರಿಗೆ ಮೇಲೊಂದು ನುಣುಪು ಇರುತ್ತೆ, ಮೊದಲು ಸ್ವಲ್ಪ ದೂರ ಹುಷಾರಾಗಿ ಹೋಗಿ" ಎಂದರು.

"ಕೇಳಿದ್ಯಾ? ಒಬ್ಳೇ ಹೋಗೋದು ಸರಿಯಲ್ಲ" ಎಂದು ಯಜಮಾನರು ಎದ್ದರು. ಕಾರಿನ ಎಡಬಾಗಿಲಿನವರೆಗೆ ನಡೆದರು. ಮೊದಲು ಕೂತರು, ಕೋಲನ್ನು ಒಳಗೆಳೆದುಕೊಂಡರು, ಆಮೇಲೆ ಬಲಗಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಂಡರು. ಟೈಲರಮ್ಮ ಸಹಾಯಕ್ಕೆ ಹೋಗಲಿಲ್ಲ. ಸ್ಟಿಯರಿಂಗ್ ಹಿಡಿದು ಮುಂದೆ ನೋಡುತ್ತಾ ಕೂತಳು, ತಿರುಗಿ ನೋಡಿದರೆ ಎಲ್ಲಿ ಇಳಿದುಬಿಡುತ್ತಾರೋ ಎಂಬಂತೆ.

"ಎಲ್ಲಿಗೆ?" ಎಂದಳು.

"ಚೌಕಕ್ಕೆ ನಡಿ."

 ಟೈಲರಮ್ಮ ಗೇರು ಹಾಕಿದಳು. ಗಡಿಯಾರದ ಚೌಕದಲ್ಲಿ ಎಂದಿನಂತೆ ಜಾತ್ರೆಯಷ್ಟು ವಾಹನ. ನಾಲ್ಕು ಕಡೆಯಿಂದಲೂ ನುಗ್ಗುತ್ತಿದ್ದವು. ಅವಳ ಕೈ ತಾನಾಗಿಯೇ ಎಡದ ಇಂಡಿಕೇಟರಿನ ಕಡೆ ಹೋಯಿತು.

"ಊಹೂಂ. ಬಲಕ್ಕೆ ಹಾಕು. ನಡುವಿಗೆ ಬಾ. ಇನ್ನೂ ಬಾ. ನಿಲ್ಲು. ಚಕ್ರ ನೆಟ್ಟಗಿರಲಿ, ಈಗ್ಲೇ ತಿರುಗಿಸಿ ಇಟ್ಕೋಬೇಡ, ಹಿಂದಿನಿಂದ ಯಾರಾದ್ರೂ ತಾಗಿಸಿದ್ರೆ ಎದುರಿಗೆ ಹೋಗಿ ಬೀಳ್ತೀಯ."

ಹಿಂದೆ ಹಾರ್ನು ಶುರುವಾಯಿತು. 

"ಹೊಡೀಲಿ ಬಿಡು, ಅವನ ಹಾರ್ನು, ಅವನ ಬ್ಯಾಟರಿ. ನೀನು ಎದುರು ನೋಡು. ಒಂದು ಬಸ್ಸು ಬರ್ತಿದೆ, ಕಾಣಿಸ್ತಾ? ಅದು ಹೋಗಲಿ. ಬಸ್ಸಿನ ಹಿಂದೆ ಯಾವಾಗ್ಲೂ ಒಂದು ಸಂದು ಇರುತ್ತೆ. ಅದರ ಬಾಲ ಹಿಡ್ಕೊಂಡು ಬರೋಕೆ ಯಾರಿಗೂ ಇಷ್ಟ ಇರಲ್ಲ. ಆ ಸಂದು ನಿಂದು."

ಬಸ್ಸು ಗುಡುಗುತ್ತಾ ಹಾದುಹೋಯಿತು. ಅದರ ಹಿಂದೆ, ಅವರು ಹೇಳಿದ ಹಾಗೇ, ರಸ್ತೆ ಖಾಲಿ.

"ಈಗ!"

ಟೈಲರಮ್ಮ ತಿರುಗಿಸಿದಳು. ಇಡೀ ಚೌಕವೇ ತನ್ನ ಸುತ್ತ ತಿರುಗಿದ ಹಾಗಾಯಿತು. ತಿರುವಿನ ಕೊನೆಯಲ್ಲಿ ಎಲ್ಲಿಂದಲೋ ಒಬ್ಬ ಸ್ಕೂಟರಿನವ ಅಡ್ಡ ನುಗ್ಗಿದ. ಅವಳು ಬ್ರೇಕು ಒತ್ತಿದಳು. ಕಾರು ಜಾರಲಿಲ್ಲ, ಹೊರಳಲಿಲ್ಲ, ಇದ್ದಲ್ಲೇ ನಿಂತಿತು. ಸ್ಕೂಟರಿನವ ಹೋದ, ಅವಳು ಮುಂದೆ ಸಾಗಿದಳು, ಕಾಲುವೆಯ ರಸ್ತೆಗೆ ಬಂದಳು. ಅಲ್ಲೊಂದು ಮರದ ಕೆಳಗೆ ಕಾರು ನಿಲ್ಲಿಸಿ, ಸ್ಟಿಯರಿಂಗಿನ ಮೇಲೆ ಹಣೆಯಿಟ್ಟು ಉಸಿರು ಬಿಟ್ಟಳು.

"ತಿರುಗಿದ್ನಲ್ರೀ!" ಎಂದಳು. "ಬಲಕ್ಕೆ ತಿರುಗಿದ್ನಲ್ರೀ ನಾನು!"

 ಪಕ್ಕಕ್ಕೆ ನೋಡಿದಳು. ಯಜಮಾನರು ಬಗ್ಗಿ ತಮ್ಮ ಕಾಲನ್ನೇ ನೋಡುತ್ತಿದ್ದರು. ಅವರ ಬಲಪಾದ ಕಾರಿನ ನೆಲವನ್ನು ಬಲವಾಗಿ ಒತ್ತಿ ಹಿಡಿದಿತ್ತು. ಯಾವ ಕಾಲನ್ನು ಎರಡು ಕೈಯಲ್ಲಿ ಎತ್ತಿ ಒಳಗಿಟ್ಟಿದ್ದರೋ ಅದೇ ಕಾಲು, ಬೆರಳುಗಳವರೆಗೂ ಬಿಗಿದುಕೊಂಡು, ಇಲ್ಲದ ಪೆಡಲನ್ನು ತುಳಿದಿತ್ತು.

"ನೀನೊಬ್ಳೇ ಬ್ರೇಕ್ ಹಾಕಿದ್ದು ಅನ್ಕೊಂಡ್ಯಾ?" ಎಂದರು. 

ಟೈಲರಮ್ಮ ಅವರ ಮೊಣಕಾಲಿನ ಮೇಲೆ ಕೈಯಿಟ್ಟಳು. ಸ್ನಾಯು ಇನ್ನೂ ಬಿಗಿಯಾಗಿತ್ತು. ಇಬ್ಬರೂ ಅದನ್ನು ಮುಟ್ಟಿಕೊಂಡು ಕೂತರು. ಕೊನೆಗೆ ಯಜಮಾನರು ತಲೆಯೆತ್ತಿ ರಸ್ತೆಯ ಕಡೆ ನೋಡಿದರು.

"ಆ ಕೊಳ ಇನ್ನೂ ದೂರಾನಾ?"

"ಇಲ್ಲೇ, ಸೇತುವೆ ಹತ್ರ. ಆದ್ರೆ ಇವತ್ತು ಬಟ್ಟೆ ಏನೂ ತಂದಿಲ್ವಲ್ರೀ."

"ಬಟ್ಟೆ ಯಾಕೆ, ಇವತ್ತು ನೀರು ನೋಡ್ಕೊಂಡು ಬರೋಣ. ನಾಳೆ ಇಳಿದರಾಯ್ತು. ಸೇತುವೆ ಹತ್ರ ಯಾವ ಕಡೆಗೆ?"

"ಬಲಕ್ಕೆ," ಎಂದಳು ಟೈಲರಮ್ಮ. ಅವರು ಹೇಳುವ ಮೊದಲೇ ಇಂಡಿಕೇಟರು ಹಾಕಿದಳು.